ಹೆಸರು ಬರೆದ ಲಕೋಟೆ ಯಾರದು?

ಸಾವಳಗಿಯ ನಮ್ಮ ಮನೆಯಲ್ಲಿ ಹಣಕ್ಕೆ ಹೆಸರಿತ್ತು. ಕಬ್ಬಿನ ಬಿಲ್ಲು ಬಂದ ದಿನ ಅಬ್ಬಾ ನೋಟುಗಳನ್ನು ಅಮ್ಮಿಯ ಮುಂದೆ ಇಡುತ್ತಿದ್ದರು. ಅಮ್ಮಿ ಹಳೆಯ ಮದುವೆ ಕಾರ್ಡುಗಳ ಲಕೋಟೆಗಳನ್ನು ಕೂಡಿಟ್ಟಿದ್ದಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅವುಗಳ ಮೇಲೆ ಹೆಸರು ಬರೆಯುವ ಕೆಲಸ ಮಕ್ಕಳಾದ ನಮ್ಮದು: ಬೀಜ-ಗೊಬ್ಬರ, ಕಿರಾಣಿ, ಶಾಲೆ, ದವಾಖಾನೆ, ಜಕಾತ್, ಹಜ್. ಕೊನೆಯ ಒಂದು ಲಕೋಟೆಯ ಮೇಲೆ 'ಸಮುದ್ರ' ಎಂದು ಬರೆಸಿದ್ದಳು. "ಬ್ಯಾರೆ ಬ್ಯಾರೆ ಇಡಬೇಕು. ಕೂಡಿಸಿದರ ಯಾರದು ಯಾರ ಹೊಟ್ಟಿ ಸೇರತೈತೊ ತಿಳಿಯೂದಿಲ್ಲ" ಎನ್ನುತ್ತಿದ್ದಳು.

ಕೃಷ್ಣೆಯ ಸೀಮೆಯಲ್ಲಿ ಹುಟ್ಟಿ ಬೆಳೆದ ಅವಳಿಗೆ, ಈ ನೀರೆಲ್ಲ ಹೋಗಿ ಸೇರುವ ಜಾಗವನ್ನು ಒಮ್ಮೆ ನೋಡಬೇಕೆಂಬ ಆಸೆ. ಕೃಷ್ಣೆ ಸೇರುವುದು ಪೂರ್ವದ ಕಡಲನ್ನು, ನಮಗೆ ಹತ್ತಿರವಾದದ್ದು ಪಶ್ಚಿಮದ ಕಾರವಾರ ಎಂದು ನಾವು ಪಾಠ ಒಪ್ಪಿಸಿದರೆ, "ಯಾವುದಾದರೇನು, ನೀರು ನೀರೇ" ಎಂದು ನಗುತ್ತಿದ್ದಳು.

ಹಣವನ್ನು ಹೀಗೆ ವಿಂಗಡಿಸಿಡುವುದು ಹೊಸ ವಿದ್ಯೆಯೇನಲ್ಲ. ಜಪಾನಿನಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ 1904ರಲ್ಲಿ ಗೃಹಿಣಿಯರಿಗಾಗಿ ಮನೆಲೆಕ್ಕದ ಪುಸ್ತಕವನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಇಂದು ಲಕೋಟೆ ಉಳಿತಾಯವನ್ನು ಕಲಿಸುವ ತರಬೇತಿಗಳೇ ಇವೆ. ನಮ್ಮ ಕಡೆ ಇದೇ ಕೆಲಸವನ್ನು ಅಡಕಲ ಗಡಿಗೆ, ಸೆರಗಿನ ಗಂಟು, ಓಣಿಯ ಭಿಶಿ ಮಾಡುತ್ತ ಬಂದಿವೆ. ನೆರೆಮನೆಯ ಹಿರಿಯರು ಯುಗಾದಿಗೆ ಮೊದಲು ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದರು. ಅದಕ್ಕೆಂದು ಜೋಳದ ಗಡಿಗೆಯಲ್ಲಿ ಅವರದೊಂದು ಗಂಟು ಇರುತ್ತಿತ್ತು. ಪಂಢರಪುರಕ್ಕೆ ಹೋಗುವವರದ್ದೂ ಹಾಗೆಯೇ. ಗುಡಿ, ದರ್ಗಾ, ಮಕ್ಕಾ ಬೇರೆಯಾದರೂ ಬುತ್ತಿ ಕಟ್ಟುವ ರೀತಿ ಒಂದೇ.

ಯಾತ್ರೆಯ ಉಳಿತಾಯ ಒಂದು ದೇಶದ ಸಂಸ್ಥೆಯೇ ಆಗಿ ಬೆಳೆದ ಉದಾಹರಣೆ ಮಲೇಶಿಯಾದ್ದು. ಅಲ್ಲಿನ ಹಳ್ಳಿಗರು ಬಡ್ಡಿಯ ಭಯದಿಂದ ಬ್ಯಾಂಕಿಗೆ ಹೋಗದೆ ಹಜ್ಜಿನ ಹಣವನ್ನು ಮನೆಯಲ್ಲೇ ಬಚ್ಚಿಡುತ್ತಿದ್ದರು. ಸಾಲದೆ ಬಂದಾಗ ಹೊಲ, ಎಮ್ಮೆ ಮಾರಿ ಹೋಗಿ, ಮರಳಿ ಬಂದ ಮೇಲೆ ಬಡವರಾಗುತ್ತಿದ್ದರು. ಇದನ್ನು ಕಂಡ ಅರ್ಥಶಾಸ್ತ್ರಜ್ಞ ಉಂಕು ಅಜೀಜ್ 1959ರಲ್ಲಿ ಒಂದು ಯೋಜನೆ ಮುಂದಿಟ್ಟರು. ಅದರಿಂದ 1963ರಲ್ಲಿ ಹುಟ್ಟಿದ ನಿಧಿ ಈಗ 'ತಾಬುಂಗ್ ಹಾಜಿ' ಎಂದು ಹೆಸರಾಗಿದೆ. ದೇವರ ಮನೆಗೆ ಹೋಗುವವನು ತನ್ನ ಮನೆಯನ್ನು ಮುರಿದು ಹೋಗಬಾರದು ಎಂಬುದು ಅದರ ಹಿಂದಿನ ವಿವೇಕ.

ಧರ್ಮದ ಮಾತೂ ಇದಕ್ಕೆ ಹೊರತಾಗಿಲ್ಲ. ಹಿಂದೆ ಯಮನ್ ದೇಶದ ಕೆಲವರು ದೇವರನ್ನು ನಂಬಿದ್ದೇವೆ ಎಂದು ಬರಿಗೈಯಲ್ಲಿ ಹಜ್ಜಿಗೆ ಬಂದು, ಮಕ್ಕಾ ಮುಟ್ಟಿದ ಮೇಲೆ ಜನರ ಮುಂದೆ ಕೈ ಚಾಚುತ್ತಿದ್ದರಂತೆ. ದಾರಿಬುತ್ತಿ ಜೊತೆಗಿರಲಿ ಎಂಬ ಕುರ್‌ಆನಿನ ಆದೇಶಕ್ಕೆ ಇದೇ ಹಿನ್ನೆಲೆ ಎಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಕೂಡಿಡದವನ ಭಕ್ತಿಯ ಭಾರ ಇನ್ನೊಬ್ಬರ ಬುತ್ತಿಯ ಮೇಲೆ ಬೀಳುತ್ತದೆ. ಆದ್ದರಿಂದ ಲಕೋಟೆಯಲ್ಲಿ ಹಣ ಇಡುವುದು ಜಿಪುಣತನವಲ್ಲ.

ಕಷ್ಟ ಶುರುವಾಗುವುದು ಲಕೋಟೆಯನ್ನು ತೆರೆಯುವಾಗ. ಬಾಗಿಲಿಗೆ ಬಂದ ಆಪತ್ತಿಗೂ ಹೆಸರು ಬರೆದಿಟ್ಟ ಹಣಕ್ಕೂ ಜಗಳ ಬಿದ್ದರೆ ಯಾರು ಗೆಲ್ಲಬೇಕು?

ಇದಕ್ಕೆ ನಮ್ಮಲ್ಲಿ ಎಲ್ಲರೂ ಹೇಳುವ ಕಥೆಯೊಂದಿದೆ. ಪಾರಸಿ ಕವಿ ಅತ್ತಾರನ 'ತಜ್ಕಿರತುಲ್ ಔಲಿಯಾ'ದಲ್ಲಿ ಅದು ಬರುತ್ತದೆ. ಅಬ್ದುಲ್ಲಾ ಇಬ್ನ್ ಮುಬಾರಕ್ ಎಂಬ ಸಂತ ಹಜ್ ಮುಗಿಸಿ ಕಾಬಾದ ಬಳಿ ಮಲಗಿದ್ದಾಗ ಕನಸು ಬೀಳುತ್ತದೆ. ಆ ವರ್ಷ ಬಂದ ಆರು ಲಕ್ಷ ಜನರಲ್ಲಿ ಯಾರ ಹಜ್ಜೂ ಸ್ವೀಕಾರವಾಗಿಲ್ಲ. ಆದರೆ ಹಜ್ಜಿಗೇ ಬಾರದ, ದಮಾಸ್ಕಸಿನ ಅಲಿ ಬಿನ್ ಮುವಫ್ಫಕ್ ಎಂಬ ಚಮ್ಮಾರನ ಹಜ್ ಸ್ವೀಕಾರವಾಗಿದೆ. ಸಂತ ಅವನನ್ನು ಹುಡುಕಿಕೊಂಡು ಹೋಗುತ್ತಾನೆ. ಚಮ್ಮಾರ ಮೂವತ್ತು ವರ್ಷ ಹಂಬಲಿಸಿ, ಜೋಡು ಹೊಲಿದ ಹಣವನ್ನು ಕೂಡಿಟ್ಟಿದ್ದ. ಹೊರಡಬೇಕೆನ್ನುವಾಗ ನೆರೆಮನೆಯ ಮಕ್ಕಳು ಹಸಿವು ತಾಳದೆ ಸತ್ತ ಕತ್ತೆಯ ಮಾಂಸ ಬೇಯಿಸುತ್ತಿರುವುದು ತಿಳಿಯಿತು. ಹಜ್ಜಿನ ಹಣವನ್ನೆಲ್ಲ ಅವರಿಗೆ ಕೊಟ್ಟುಬಿಟ್ಟ.

ಈ ಕಥೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ, ಹೇಳಿದ್ದೇವೆ. ಆದರೆ ಅದರ ಒಂದು ಮುಖ್ಯ ಅಂಶ ನಮ್ಮ ಗಮನಕ್ಕೆ ಬಂದದ್ದು ತಡವಾಗಿ. ಚಮ್ಮಾರ ಕೊಟ್ಟದ್ದು ತಾನು ದುಡಿದು ತನಗಾಗಿ ಇಟ್ಟ ಹಣವನ್ನು. ಅವನು ಬಿಟ್ಟದ್ದು ತನ್ನ ಆಸೆಯನ್ನು. ಹೆಂಡತಿಯದೋ ತಾಯಿಯದೋ ಲಕೋಟೆ ತೆಗೆದು ಕೊಟ್ಟಿದ್ದರೆ ಅತ್ತಾರ ಅದನ್ನು ಕಥೆ ಮಾಡುತ್ತಿದ್ದನೇ?

ನಮ್ಮ ಮನೆಯಲ್ಲಿ ನಡೆದದ್ದು ಈ ಎರಡನೆಯದು. ಹಣ ಕಡಿಮೆ ಬಿದ್ದಾಗಲೆಲ್ಲ ಲಕೋಟೆಗಳ ನಡುವೆ ಒಂದು ಮೌನ ನ್ಯಾಯಾಲಯ ಸೇರುತ್ತಿತ್ತು. ಹಜ್ಜಿನದು ಅಲ್ಲಾಹನ ಹೆಸರಿನದು, ಕೈ ಹಚ್ಚುವಂತಿಲ್ಲ. ಜಕಾತ್ ಬಡವರ ಹಕ್ಕು. ಗೊಬ್ಬರದ್ದು ತೆಗೆದರೆ ಹೊಲ ಕೇಳುತ್ತದೆ, ಶಾಲೆಯದು ತೆಗೆದರೆ ಮಾಸ್ತರರು ಕೇಳುತ್ತಾರೆ. ಕೇಳುವವರಿಲ್ಲದ್ದು ಸಮುದ್ರ ಒಂದೇ. ಅಣ್ಣನ ಪರೀಕ್ಷಾ ಫೀ, ಪಂಪ್‌ಸೆಟ್ಟಿನ ರಿಪೇರಿ, ಬಂಧುಗಳ ಮದುವೆಯ ಆಯಿರು ಎಲ್ಲವೂ ಅದರಿಂದಲೇ ಹೋದವು. ಅಮ್ಮಿ ಒಮ್ಮೆಯೂ ಒಲ್ಲೆ ಎನ್ನಲಿಲ್ಲ. ಒಂದೇ ಒಂದು ಕರಾರು ಹಾಕುತ್ತಿದ್ದಳು: ತೆಗೆದವರು ಎಷ್ಟು, ಯಾಕೆ ಎಂದು ಚೀಟಿ ಬರೆದು ಒಳಗೆ ಹಾಕಬೇಕು.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ನಾಡಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಗಂಡಂದಿರಿಗೂ ತಿಳಿಸದೆ ಇಟ್ಟ ಗಂಟುಗಳು ಆಗ ಹೊರಬಂದವು. ನಮ್ಮ ಮನೆಯ ಟ್ರಂಕೂ ತೆರೆಯಿತು. ಸಮುದ್ರದ ಲಕೋಟೆಯಲ್ಲಿ ಐನೂರರ ಏಳು ನೋಟುಗಳಿದ್ದವು, ಚೀಟಿಗಳು ಇಪ್ಪತ್ಮೂರು. ಎಲ್ಲವೂ ನಮ್ಮದೇ ಕೈಬರಹ. ಶಾಲೆಯ ದಿನಗಳ ದುಂಡಕ್ಷರದಿಂದ ಹಿಡಿದು ನೌಕರಿಗೆ ಸೇರುವ ಹೊತ್ತಿನ ಅವಸರದ ಗೀಚಿನವರೆಗೆ. ಒಂದನ್ನೂ ನಾವು ತೀರಿಸಿರಲಿಲ್ಲ. ನೋಟುಗಳನ್ನು ಬ್ಯಾಂಕಿಗೆ ಕಟ್ಟಿ ಬದಲಿಸಬಹುದಿತ್ತು. ಚೀಟಿಗಳನ್ನು ಬದಲಿಸಿಕೊಡುವ ಬ್ಯಾಂಕು ಯಾವುದು?

ಅಮಾನತ್ ಎಂಬ ಮಾತು ನಮಗೆ ಆಗ ಅರ್ಥವಾಯಿತು. ಕಚೇರಿ ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ಅರಬಿಯ ಮೂಲದಲ್ಲಿ ಅದು ನಂಬಿ ಒಪ್ಪಿಸಿದ ವಸ್ತು. ಅದನ್ನು ಇಟ್ಟುಕೊಂಡವನು ಒಡೆಯನ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ. ಹೆಣ್ಣಿನ ಸ್ವಂತ ಹಣದ ಮೇಲೆ ಗಂಡನಿಗೂ ಹಕ್ಕಿಲ್ಲ ಎನ್ನುವ ಶರೀಅತ್ತನ್ನು ಭಾಷಣಗಳಲ್ಲಿ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಮನೆಯಲ್ಲಿ ಅವಳ ಮೌನವನ್ನೇ ಒಪ್ಪಿಗೆ ಎಂದು ತಿಳಿಯುತ್ತೇವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಸಿದವರು ಬಂದಾಗಲೂ "ಇದು ಬೇರೆ ಲಕೋಟೆಯದು" ಎನ್ನುವುದು ಕಲ್ಲುಹೃದಯವಲ್ಲವೇ? ಹೌದು, ಕಲ್ಲುಹೃದಯವೇ. ಯಾವ ಲಕೋಟೆಗೂ ಪೂರ್ತಿ ಬೀಗ ಇರಬಾರದು. ಹಜ್ಜಿಗೆಂದು ಇಟ್ಟ ಹಣವೂ ನಿಗದಿತ ಮಿತಿ ದಾಟಿ ಒಂದು ವರ್ಷ ಉಳಿದರೆ ಅದಕ್ಕೂ ನೂರಕ್ಕೆ ಎರಡೂವರೆ ಜಕಾತ್ ಇದೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಮ್ಮದೇ ಜಿಲ್ಲೆಯ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರ ಕಾಲದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳಿಸಿದವಳು. ಕೂಡಿಡುವವರು ಅವಳ ಕಣ್ಣಿಗೆ ಅಂಜಬೇಕು. ಆದರೆ ಆಪತ್ತು ಬಂದಾಗ ಲಕೋಟೆ ತೆರೆಯಬೇಕೆ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ: ಪ್ರತಿ ಸಲವೂ ಒಬ್ಬರದೇ ಯಾಕೆ? ಮತ್ತು ತೆರೆದದ್ದನ್ನು ತುಂಬುವವರು ಯಾರು?

ಯಾರ ಪ್ರಯಾಣ ಅಗತ್ಯ, ಯಾರದು ಬರಿ ತಿರುಗಾಟ ಎಂಬ ತೀರ್ಪು ನಮ್ಮ ಸಮಾಜದಲ್ಲಿ ಮೊದಲೇ ಬರೆದಿಟ್ಟಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸಾರಿಗೆ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾದಾಗ ಇದು ಬಯಲಾಯಿತು. ಬಾದಾಮಿಗೆ, ವಿಜಾಪುರದ ಗೋಳಗುಮ್ಮಟಕ್ಕೆ, ಕಲಬುರಗಿಯ ಬಂದೇನವಾಜರ ದರ್ಗಾಕ್ಕೆ ಹೊರಟ ಹೆಂಗಸರನ್ನು ಕಂಡು ಕಟ್ಟೆಯ ಮೇಲೆ ಕುಳಿತ ಗಂಡಸರು "ಇವರಿಗೆಲ್ಲ ಏನು ಕೆಲಸ" ಎಂದು ನಕ್ಕರು. ಆ ಗಂಡಸರು ಊರೂರು ತಿರುಗುವಾಗ ಯಾರೂ ಕೆಲಸ ಕೇಳಿರಲಿಲ್ಲ. ಹೊಲ, ಒಲೆ, ಮಗ್ಗಗಳ ನಡುವೆಯೇ ಆಯುಷ್ಯ ಕಳೆದವಳಿಗೆ ಒಂದು ದಿನ ಕಿಟಕಿಯ ಪಕ್ಕ ಕುಳಿತು ಹೋಗುವುದೇ ದೊಡ್ಡ ಕೆಲಸ ಇರಬಹುದು.

2018ರ ಚಳಿಗಾಲದಲ್ಲಿ ನಾವು ಅಣ್ಣತಮ್ಮಂದಿರು ಚೀಟಿಗಳ ಲೆಕ್ಕ ಕೂಡಿಸಿ, ಅಷ್ಟು ಹಣವನ್ನು ಲಕೋಟೆಗೆ ಹಾಕಿ ಅಮ್ಮಿಯನ್ನು ಕಾರವಾರಕ್ಕೆ ಕರೆದೊಯ್ದೆವು. ಆ ಹೊತ್ತಿಗೆ ಅವಳ ಮೊಣಕಾಲು ಸೋತಿದ್ದವು. ಉಸುಕಿನಲ್ಲಿ ಹೆಜ್ಜೆ ಕಿತ್ತಿಡಲಾಗದೆ ದಂಡೆಯ ಕಟ್ಟೆಯ ಮೇಲೆ ಕುಳಿತಳು. ನೀರು ಮುಟ್ಟಲಿಲ್ಲ. "ಚಲೋ ಐತಿ" ಎಂದಳು. ಬಹಳ ಹೊತ್ತಿನ ಮೇಲೆ, "ಹತ್ತು ವರ್ಷ ಮೊದಲ ಬಂದಿದ್ದರ ಇಳೀತಿದ್ದೆ" ಎಂದಳು. ಅದರಲ್ಲಿ ದೂರು ಇರಲಿಲ್ಲ. ನಮಗೆ ಮಾತ್ರ ಅದು ದೂರಾಗಿಯೇ ಕೇಳಿಸಿತು.

ಹಣದ ಸಾಲ ಹಣದಿಂದ ತೀರುತ್ತದೆ. ಪ್ರಯಾಣದ ಲಕೋಟೆಯಲ್ಲಿ ಹಣದ ಜೊತೆ ಕಾಲವೂ ಇರುತ್ತದೆ. ಹಜ್ ಕಡ್ಡಾಯವಾಗಲು ಬೇಕಾದ ಶಕ್ತಿಯಲ್ಲಿ ದೇಹದ ಶಕ್ತಿಯನ್ನೂ ಸೇರಿಸಿರುವುದು ಇದಕ್ಕೇ ಇರಬೇಕು. ಇನ್ನೊಬ್ಬರ ಲಕೋಟೆಯಿಂದ ತೆಗೆದದ್ದನ್ನು ಅವರ ಕಾಲು ಗಟ್ಟಿಯಿರುವಾಗಲೇ ಮರಳಿಸಬೇಕು.

ಈಗ ಹಣ ಮೊಬೈಲಿನಲ್ಲಿದೆ, ಎಲ್ಲವೂ ಒಂದೇ ಖಾತೆಯಲ್ಲಿ ಕಲೆತುಹೋಗಿದೆ. ಆದರೂ ನಮ್ಮ ಮನೆಗಳಲ್ಲಿ ಹಿರಿಯ ಮಹಿಳೆಯರ ಹತ್ತಿರ ಒಂದು ಡಬ್ಬಿ, ಒಂದು ಗಂಟು ಇನ್ನೂ ಇದೆ. ಅದರ ಮೇಲೆ ಏನು ಹೆಸರು ಬರೆಯಬೇಕು ಎಂದು ಅವರನ್ನು ಒಮ್ಮೆ ಕೇಳೋಣ. ಕೇಳಿದ ಮೇಲೆ, ಅದರೊಳಗೆ ನಮ್ಮ ಚೀಟಿಗಳು ಎಷ್ಟಿವೆ ಎಂದೂ ಎಣಿಸಿ ನೋಡೋಣ.