ಮಾರಿದವನು, ಕೊಂಡವನು, ಅಪ್ಪಣೆ ಕೊಟ್ಟವನು

18ನೆಯ ಶತಮಾನದ ಪುಣೆಯಲ್ಲಿ, ಮರಾಠಾ ಪೇಶ್ವೆಯರ ಆಡಳಿತದಲ್ಲಿ, ಮನುಷ್ಯರ ಮಾರಾಟ ಗುಟ್ಟಿನ ದಂಧೆಯಾಗಿರಲಿಲ್ಲ. ಕೊಂಡ ಹೆಂಗಸರನ್ನು ಮರಾಠಿ ದಾಖಲೆಗಳು ಕುಣಬೀಣ, ಬಟೀಕ್ ಎಂಬ ಹೆಸರುಗಳಿಂದ ನಮೂದಿಸುತ್ತವೆ. ಕುಣಬೀಣ ಮನೆಯಲ್ಲಿ ಬೀಸುವ ಕುಟ್ಟುವ, ದನದ ಕೊಟ್ಟಿಗೆ ನೋಡಿಕೊಳ್ಳುವ ಆಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಒಡೆಯನ ಸೊತ್ತೇ. ಸಿರಿವಂತರ ಮನೆಗಳಲ್ಲಷ್ಟೇ ಅಲ್ಲ, ಸರಕಾರದ ಉಗ್ರಾಣಗಳಲ್ಲಿ, ಲಾಯಗಳಲ್ಲಿ, ಕೋಟೆಗಳಲ್ಲಿಯೂ ಇಂಥವರು ದುಡಿಯುತ್ತಿದ್ದರು. ವಯಸ್ಸಾದಾಗ, ಹಣ ಕಟ್ಟಿದಾಗ ಅಥವಾ ಬದಲಿಗೆ ಇನ್ನೊಬ್ಬಳನ್ನು ತಂದು ಒಪ್ಪಿಸಿದಾಗ ಬಿಡುಗಡೆ ಸಿಗುವುದಿತ್ತು. ಒಬ್ಬಳ ಬಿಡುಗಡೆಗೆ ಇನ್ನೊಬ್ಬಳ ಬಂಧನವೇ ಬೆಲೆ ಎಂಬ ಈ ಕೊನೆಯ ಷರತ್ತು ಇಡೀ ಪದ್ಧತಿಯ ಕ್ರೌರ್ಯವನ್ನು ತೋರಿಸುತ್ತದೆ.

ಈ ವ್ಯವಹಾರದಲ್ಲಿ ಪಾಪ ಯಾರದು? ಮಾರಿದವನದೋ, ಕೊಂಡವನದೋ, ಮಾರಾಟಕ್ಕೆ ಅಪ್ಪಣೆ ಕೊಟ್ಟ ದೊರೆಯದೋ? ಭಾರತದ ಧರ್ಮಗ್ರಂಥಗಳು ಈ ಪ್ರಶ್ನೆಗೆ ಕೊಟ್ಟ ಉತ್ತರ ವಿಚಿತ್ರವಾದದ್ದು. ಮನುಸ್ಮೃತಿಯ ಎಂಟನೆಯ ಅಧ್ಯಾಯ ಏಳು ಬಗೆಯ ದಾಸರನ್ನು ಹೇಳುತ್ತದೆ: ಯುದ್ಧದಲ್ಲಿ ಸೆರೆ ಸಿಕ್ಕವನು, ಅನ್ನಕ್ಕಾಗಿ ದಾಸನಾದವನು, ಮನೆಯಲ್ಲೇ ಹುಟ್ಟಿದವನು, ಕೊಂಡವನು, ದಾನವಾಗಿ ಬಂದವನು, ಪಿತ್ರಾರ್ಜಿತವಾಗಿ ಬಂದವನು, ದಂಡನೆಯಿಂದ ದಾಸನಾದವನು. ಕೊಳ್ಳುವುದು ಇಲ್ಲಿ ದಾಸನನ್ನು ಪಡೆಯುವ ಕ್ರಮಬದ್ಧವಾದ ಒಂದು ದಾರಿ. ಅದೇ ಗ್ರಂಥದ ಹತ್ತನೆಯ ಅಧ್ಯಾಯವಾದರೋ, ಕಷ್ಟಕಾಲದಲ್ಲಿ ವ್ಯಾಪಾರಕ್ಕಿಳಿದ ಬ್ರಾಹ್ಮಣ ಏನೇನನ್ನು ಮಾರಬಾರದು ಎಂದು ಪಟ್ಟಿ ಮಾಡುವಾಗ ಎಳ್ಳು, ಉಪ್ಪು, ದನಗಳ ಜೊತೆಗೆ ಮನುಷ್ಯರನ್ನೂ ಸೇರಿಸುತ್ತದೆ. ಮಾರುವ ಕೈ ಮೈಲಿಗೆಯಾಯಿತು, ಕೊಳ್ಳುವ ಕೈ ಮಡಿಯಾಗಿಯೇ ಉಳಿಯಿತು.

ಬೌದ್ಧ, ಜೈನ ಪರಂಪರೆಗಳೂ ಈ ಇಬ್ಬಗೆಯಿಂದ ಪೂರ್ತಿ ಹೊರಗಿಲ್ಲ. ಉಪಾಸಕನು ಮಾಡಬಾರದ ಐದು ವ್ಯಾಪಾರಗಳನ್ನು ಬೌದ್ಧರ ಅಂಗುತ್ತರ ನಿಕಾಯ ಹೆಸರಿಸುತ್ತದೆ. ಶಸ್ತ್ರ, ಮಾಂಸ, ಮದ್ಯ, ವಿಷಗಳೊಂದಿಗೆ ಜೀವಿಗಳ ಮಾರಾಟವೂ ಅದರಲ್ಲಿದೆ. ಇಲ್ಲಿ ಜೀವಿಗಳೆಂದರೆ ಮನುಷ್ಯರೆಂದೇ ಪಾಲಿ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಜೈನ ಶ್ರಾವಕನು ಬಿಡಬೇಕಾದ ಹದಿನೈದು ಕಸುಬುಗಳಲ್ಲಿ ಕೇಶವಾಣಿಜ್ಯ, ಅಂದರೆ ಕೂದಲುಳ್ಳ ಪ್ರಾಣಿಗಳ ಮತ್ತು ಮನುಷ್ಯರ ವ್ಯಾಪಾರ, ಒಂದು. ಆದರೆ ಜೈನರದೇ ತತ್ತ್ವಾರ್ಥಸೂತ್ರ ಗೃಹಸ್ಥನ ಅಪರಿಗ್ರಹವನ್ನು ವಿವರಿಸುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯಗಳ ಸಾಲಿನಲ್ಲೇ ದಾಸಿಯರನ್ನೂ ದಾಸರನ್ನೂ ಇಡುತ್ತದೆ. ತಾನೇ ಹಾಕಿಕೊಂಡ ಮಿತಿಯನ್ನು ಮೀರಿದರೆ ವ್ರತಕ್ಕೆ ದೋಷ, ಮಿತಿಯೊಳಗಿದ್ದರೆ ಇಲ್ಲ. ಅಹಿಂಸೆಯನ್ನು ಅಷ್ಟು ಸೂಕ್ಷ್ಮವಾಗಿ ಅಳೆದ ಪರಂಪರೆಯೂ ಇಲ್ಲಿ ಲೆಕ್ಕವನ್ನಷ್ಟೇ ಕೇಳಿತು ಎನ್ನುವುದು ನೋವಿನ ಸಂಗತಿ.

ಇದಕ್ಕೆ ಎದುರಾಗಿ ನಿಲ್ಲುವ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಿಗುತ್ತದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದ ಮೂರನೆಯ ಅಧಿಕರಣ, ಪ್ರಾಯಕ್ಕೆ ಬಾರದ ಆರ್ಯ ಮಗುವನ್ನು ಮಾರಿದವರಿಗೆ ದಂಡ ವಿಧಿಸುತ್ತದೆ. ಮಾರಿದವನು ಹೊರಗಿನವನಾದರೆ ಶಿಕ್ಷೆ ಮರಣದಂಡನೆಯವರೆಗೂ ಏರುತ್ತದೆ, ಮತ್ತು ಕೊಂಡವನಿಗೂ ಸಾಕ್ಷಿ ನಿಂತವನಿಗೂ ಅದೇ ಶಿಕ್ಷೆ. ಈ ರಕ್ಷಣೆ ಎಲ್ಲರಿಗೂ ಇರಲಿಲ್ಲ. ಮ್ಲೇಚ್ಛರು ತಮ್ಮ ಮಕ್ಕಳನ್ನು ಮಾರಿದರೆ ತಪ್ಪಲ್ಲ ಎಂದೂ ಅದೇ ಪ್ರಕರಣ ಹೇಳುತ್ತದೆ. ಆದರೂ ಕೊಳ್ಳುವವನನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸಿದ್ದು ಸಣ್ಣ ಮಾತಲ್ಲ.

ಯಾಜ್ಞವಲ್ಕ್ಯಸ್ಮೃತಿಯಲ್ಲಿ ಇನ್ನೊಂದು ಎಳೆ ಇದೆ. ಬಲಾತ್ಕಾರದಿಂದ ದಾಸನಾದವನನ್ನೂ ಕಳ್ಳರು ಮಾರಿದವನನ್ನೂ ಬಿಡುಗಡೆ ಮಾಡಬೇಕು ಎಂದು ಅದು ವಿಧಿಸುತ್ತದೆ. ಬೆನ್ನಿಗೇ, ದಾಸ್ಯವು ಮೇಲಿನ ವರ್ಣದಿಂದ ಕೆಳಕ್ಕೆ ಮಾತ್ರ, ಕೆಳಗಿನಿಂದ ಮೇಲಕ್ಕಲ್ಲ ಎಂಬ ನಿಯಮ ಬರುತ್ತದೆ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಈ ಸ್ಮೃತಿಗೆ ಬರೆದ ಮಿತಾಕ್ಷರಾ ಮಹಾರಾಷ್ಟ್ರದ ಪಂಡಿತರಿಗೂ ಪ್ರಮಾಣವಾಗಿತ್ತು. ಕಳ್ಳವ್ಯಾಪಾರಿಯಿಂದ ಜನರನ್ನು ಬಿಡಿಸುವುದು ರಾಜನ ಧರ್ಮ ಎಂಬ ಮಾತು ಪುಣೆಯ ಶಾಸ್ತ್ರಿಗಳಿಗೆ ತಿಳಿಯದ್ದಾಗಿರಲಿಲ್ಲ.

ಮರಾಠಾ ರಾಜ್ಯದ ಆರಂಭದಲ್ಲೇ ಆ ಧರ್ಮವನ್ನು ನಡೆಸಿದ ನಿದರ್ಶನವೂ ಇತ್ತು. 1677ರಲ್ಲಿ, ದಕ್ಷಿಣದ ದಂಡಯಾತ್ರೆಯ ಸಮಯದಲ್ಲಿ, ಶಿವಾಜಿ ಕೋರಮಂಡಲ ಕರಾವಳಿಯ ಡಚ್ಚರಿಗೆ ಕೊಟ್ಟ ಕೌಲಿನಲ್ಲಿ ಒಂದು ಖಂಡಿತವಾದ ಷರತ್ತು ಹಾಕಿದ: ತನ್ನ ಒಡೆತನ ಇರುವವರೆಗೆ ಅಲ್ಲಿ ಗಂಡಸರನ್ನಾಗಲಿ ಹೆಂಗಸರನ್ನಾಗಲಿ ದಾಸರಾಗಿ ಕೊಳ್ಳುವಂತಿಲ್ಲ, ಸಾಗಿಸುವಂತಿಲ್ಲ. ಆ ಷರತ್ತು ಕೊಳ್ಳುವವನನ್ನೇ ನೇರವಾಗಿ ತಡೆಯಿತು.

ನೂರು ವರ್ಷ ಕಳೆಯುವಷ್ಟರಲ್ಲಿ ಪುಣೆಯ ಸರಕಾರ ತಾನೇ ಈ ವ್ಯವಹಾರದ ಒಳಗಿತ್ತು. ವ್ಯಭಿಚಾರದ ಆರೋಪ ಸಾಬೀತಾದ ಹೆಂಗಸನ್ನು ಸರಕಾರ ದಾಸಿಯನ್ನಾಗಿ ಮಾಡುತ್ತಿತ್ತು. ಕೆಲವರನ್ನು ತನ್ನ ಕೆಲಸಕ್ಕೆ ಇಟ್ಟುಕೊಳ್ಳುತ್ತಿತ್ತು, ಕೆಲವರನ್ನು ಮಾರುತ್ತಿತ್ತು. ಮನು ಹೇಳಿದ ದಂಡದಾಸ್ಯ ಇಲ್ಲಿ ಖಜಾನೆಯ ಲೆಕ್ಕಕ್ಕೆ ಬಂದಿತು. ನ್ಯಾಯ ಹೇಳುವವನು, ದಾಸಿಯನ್ನು ಉಂಟುಮಾಡುವವನು, ಅವಳನ್ನು ಮಾರುವವನು, ದುಡಿಸಿಕೊಳ್ಳುವವನು ಎಲ್ಲರೂ ಒಂದೇ ಆಡಳಿತದ ಅಂಗಗಳು. ಮನೆಯೊಳಗೆ ಬರುವವಳ ಕೈನೀರು ನಡೆಯಬೇಕಾದ್ದರಿಂದ ಅವಳ ಜಾತಿಯ ವಿಚಾರಣೆ ಮುಖ್ಯವಾಗುತ್ತಿತ್ತು. ಅವಳು ಹೇಗೆ ಮಾರಾಟಕ್ಕೆ ಬಂದಳು ಎಂಬ ವಿಚಾರಣೆಯೇ ಶಾಸ್ತ್ರದ ಪ್ರಕಾರ ಮೊದಲು ನಡೆಯಬೇಕಾಗಿದ್ದುದು.

ಹೊಣೆ ಹೀಗೆ ಹಲವರದಾದರೂ, ಇತಿಹಾಸವನ್ನು ಆಧರಿಸಿದ ವಿಡಿಯೊ ಗೇಮ್‌ಗಳಲ್ಲಿ, ಸಿನಿಮಾಗಳಲ್ಲಿ ಗುಲಾಮರ ವ್ಯಾಪಾರಿ ಸಾಮಾನ್ಯವಾಗಿ ಒಬ್ಬ ಚಿಲ್ಲರೆ ಖಳ. ನಾಯಕ ಅವನನ್ನು ಮುಗಿಸುತ್ತಾನೆ, ಸಂಕೋಲೆ ಕಳಚುತ್ತದೆ, ಆಟ ಮುಂದಿನ ಹಂತಕ್ಕೆ ಸಾಗುತ್ತದೆ. ಸ್ಮೃತಿಗಳ ತೀರ್ಮಾನವೂ ಇದಕ್ಕಿಂತ ಬಹಳ ಬೇರೆಯಲ್ಲ. ವ್ಯಾಪಾರಿ ನಿಜಕ್ಕೂ ಕ್ರೂರಿ. ಅವನ ಹೊಣೆಯನ್ನು ಹಗುರ ಮಾಡಲು ಯಾವ ಕಾರಣವೂ ಇಲ್ಲ. ಆದರೆ ಬರಗಾಲದಲ್ಲಿ ಮಗುವನ್ನು ಮಾರಿದ ತಾಯಿತಂದೆಯರ ಮತ್ತು ಆ ಮಗು ಬೆಳೆದು ದುಡಿದ ವಾಡೆಯ (ಸಿರಿವಂತರ ದೊಡ್ಡ ಮನೆಯ) ನಡುವೆ ಅವನು ಇದ್ದದ್ದು ಕೆಲವೇ ದಿನ. ಬಂಧನ ನಡೆದದ್ದು ವಾಡೆಯೊಳಗೆ, ಆಯುಷ್ಯದುದ್ದಕ್ಕೂ, ದೇವರಪೂಜೆ ದಾನಧರ್ಮಗಳು ತಪ್ಪದೆ ಸಾಗುತ್ತಿದ್ದ ಸಂಸಾರದಲ್ಲಿ. ಒಬ್ಬ ದುಷ್ಟನನ್ನು ತೋರಿಸಿದರೆ ಈ ಸಂಸಾರದ ಕಡೆಗೆ ಪ್ರಶ್ನೆ ತಿರುಗುವುದೇ ಇಲ್ಲ.

ಪುಣೆಯಲ್ಲೇ ಹುಟ್ಟಿದ ಜೋತಿರಾವ್ ಫುಲೆ ಆ ಪ್ರಶ್ನೆಯನ್ನು ತಿರುಗಿಸಿದರು. 1873ರಲ್ಲಿ ಪ್ರಕಟವಾದ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅವರು, ಕರಿಯರನ್ನು ದಾಸ್ಯದಿಂದ ಬಿಡಿಸಲು ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಆ ಪುಸ್ತಕದಲ್ಲಿ ಆರೋಪಿಯಾಗಿ ನಿಂತಿರುವುದು ಸಂತೆಯ ವ್ಯಾಪಾರಿಯಲ್ಲ. ಶೂದ್ರಾತಿಶೂದ್ರರ ದಾಸ್ಯವನ್ನು ದೇವರ ಇಚ್ಛೆಯೆಂದು ನಂಬಿಸಿದ ಪುರಾಣ, ಜಾತಿ, ಪುರೋಹಿತಶಾಹಿ.

ಕಾನೂನು ಈ ಹೊಣೆಯನ್ನು ಹಂತಹಂತವಾಗಿ ಹಂಚಿತು. 1818ರಲ್ಲಿ ಪೇಶ್ವೆಯರ ಆಡಳಿತ ಮುಗಿದರೂ ದಾಸ್ಯ ಕೂಡಲೇ ಮುಗಿಯಲಿಲ್ಲ. 1843ರ ಐದನೆಯ ಕಾಯಿದೆ, ಮನುಷ್ಯನ ಮೇಲಿನ ಒಡೆತನವನ್ನು ನ್ಯಾಯಾಲಯ ಮನ್ನಿಸುವುದಿಲ್ಲ ಎಂದು ಹೇಳಿತು. ದಾಸರನ್ನು ಇಟ್ಟುಕೊಂಡದ್ದಕ್ಕೇ ಒಡೆಯನಿಗೆ ಶಿಕ್ಷೆ ಇರಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 370ನೆಯ ಕಲಂ ಮಾರುವವನನ್ನೂ ಕೊಳ್ಳುವವನನ್ನೂ, ಒಬ್ಬರನ್ನು ದಾಸರಾಗಿ ಇಚ್ಛೆಗೆ ವಿರುದ್ಧವಾಗಿ ಇಟ್ಟುಕೊಳ್ಳುವವನನ್ನೂ ಒಂದೇ ಶಿಕ್ಷೆಗೆ ಗುರಿ ಮಾಡಿತು. ಅದನ್ನೇ ಕಸುಬಾಗಿಸಿಕೊಂಡವನಿಗೆ 371ನೆಯ ಕಲಂ ಇನ್ನೂ ಕಠಿಣ ಶಿಕ್ಷೆ ಇಟ್ಟಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿಯನ್ನೂ ಒಟ್ಟಿಗೇ ನಿಷೇಧಿಸಿತು. ಈ ನಿಷೇಧ ಸರಕಾರಕ್ಕೂ ಅನ್ವಯಿಸುತ್ತದೆ, ಖಾಸಗಿ ಮನೆಗೂ ಅನ್ವಯಿಸುತ್ತದೆ.