ಪುಣ್ಯ ದಾರಿಯಲ್ಲೋ, ಗುಡಿಯಲ್ಲೋ?

2020ರ ಯುಗಾದಿ ಮಾರ್ಚ್ 25ಕ್ಕೆ ಬಿತ್ತು. ದೇಶಕ್ಕೆ ದೇಶವೇ ಲಾಕ್‌ಡೌನ್ ಆದ ಮೊದಲ ದಿನವೂ ಅದೇ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಸಾವಿರಾರು ಮಂದಿಗೆ ಯುಗಾದಿಯೆಂದರೆ ಶ್ರೀಶೈಲ. ಹೆಗಲಿಗೆ ಕಂಬಿ ಏರಿಸಿ, ಕೆಲವರು ಮರಗಾಲು ಕಟ್ಟಿಕೊಂಡು, ಆತ್ಮಕೂರಿನಾಚೆ ನಲ್ಲಮಲದ ಕಾಡು ಹೊಕ್ಕು, ಭೀಮನಕೊಳ್ಳ ಇಳಿದು ಹತ್ತಿ, ಕೈಲಾಸದ್ವಾರ ದಾಟಿ ಮಲ್ಲಯ್ಯನ ಮುಂದೆ ನಿಲ್ಲುತ್ತಾರೆ. ಮಲ್ಲಯ್ಯನ ಮಡದಿ ಭ್ರಮರಾಂಬೆಯನ್ನು ಅವರು ತಮ್ಮ ಮನೆಮಗಳೆಂದೇ ಕಾಣುತ್ತಾರೆ. ಹಬ್ಬಕ್ಕೆ ತವರಿನವರು ಹೋಗದಿದ್ದರೆ ಹೇಗೆ? ಆದರೆ ಆ ವರ್ಷ ಗುಡಿಯ ಬಾಗಿಲು ಭಕ್ತರಿಗೆ ಮುಚ್ಚಿತ್ತು.

ಹೊರಡದೆ ಉಳಿದ ಯಾತ್ರೆಗೆ ಫಲವುಂಟೆ? ಮನೆಯಲ್ಲೇ ಕೈಮುಗಿದರೆ ಸಾಲದೆ? ಸಾಲುವುದಾದರೆ, ಇಷ್ಟು ತಲೆಮಾರಿನ ಜನ ಕಾಲು ಬೊಬ್ಬೆ ಏಳುವಂತೆ ನಡೆದದ್ದೇಕೆ?

ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರು ತೀರ್ಥಕ್ಷೇತ್ರಗಳ ಸುತ್ತಾಟವನ್ನು ಒಪ್ಪಲಿಲ್ಲ. ಬಸವಣ್ಣನವರು ದೇಹವನ್ನೇ ಗುಡಿಯಾಗಿ ಕಂಡರು. ಅಂಗೈಯ ಇಷ್ಟಲಿಂಗದಲ್ಲಿ ದೇವರಿರುವಾಗ ಊರೂರು ಅಲೆಯುವ ಅಗತ್ಯವೇನೆಂಬುದು ಅವರ ನಿಲುವು. ಆದರೆ ಅದೇ ಬಳಗದ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದದ್ದೂ ನಡೆದೇ, ಅಲ್ಲಿಂದ ಶ್ರೀಶೈಲದ ಕದಳಿಗೆ ಹೋದದ್ದೂ ನಡೆದೇ. ಗುಡಿ ತನ್ನೊಳಗೇ ಇದೆಯೆಂದು ಬಲ್ಲವಳಿಗೂ ದಾರಿ ಬೇಕಾಯಿತು.

ರೋಗದ ಕಾಲದಲ್ಲಿ ಪಯಣ ನಿಲ್ಲಿಸುವುದು ನಂಬಿಕೆಯ ಕೊರತೆಯೋ ಎಂಬ ಸಂಶಯಕ್ಕೆ ಇಸ್ಲಾಮಿನ ಪರಂಪರೆ ಬಹಳ ಹಿಂದೆಯೇ ಮುಖಾಮುಖಿಯಾಗಿತ್ತು. ಏಳನೆಯ ಶತಮಾನದಲ್ಲಿ ಖಲೀಫ ಉಮರ್ ಶಾಮ್ (ಸಿರಿಯಾ) ಸೀಮೆಗೆ ಹೊರಟಿದ್ದಾಗ ಮುಂದೆ ಪಿಡುಗು ಎದ್ದಿರುವ ಸುದ್ದಿ ಬಂತು. ಹಿರಿಯರ ಸಲಹೆ ಕೇಳಿ ಅವರು ಹಿಂದಿರುಗಲು ನಿಶ್ಚಯಿಸಿದರು. ದೇವರ ವಿಧಿಯಿಂದ ಓಡಿಹೋಗುತ್ತೀರಾ ಎಂದು ಸಂಗಾತಿ ಅಬೂ ಉಬೈದಾ ಕೇಳಿದರು. ಒಂದು ವಿಧಿಯಿಂದ ಅದೇ ದೇವರ ಮತ್ತೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟು ಉಮರ್ ಮರಳಿದರು. ಪಿಡುಗಿರುವ ಊರಿಗೆ ಹೋಗಬೇಡಿ, ಅಲ್ಲಿದ್ದರೆ ಬಿಟ್ಟು ಬರಬೇಡಿ ಎಂಬ ಪ್ರವಾದಿಯವರ ಬೋಧನೆಯೂ ಆಗಲೇ ಅವರ ಕಿವಿಗೆ ಬಿತ್ತು. 2019ರಲ್ಲಿ ಸುಮಾರು 25 ಲಕ್ಷ ಜನ ಸೇರಿದ್ದ ಹಜ್ 2020ರಲ್ಲಿ ಸೌದಿಯಲ್ಲೇ ಇದ್ದ ಕೆಲವೇ ಮಂದಿಗೆ ಸೀಮಿತವಾದಾಗ, ಈ ಮಾತುಗಳು ಮತ್ತೆ ಮತ್ತೆ ನೆನಪಾದವು. ಮರುವರ್ಷ ಸುಮಾರು 60 ಸಾವಿರ, 2022ರಲ್ಲಿ ಸುಮಾರು 9 ಲಕ್ಷ, 2023ರಲ್ಲಿ 18 ಲಕ್ಷ ದಾಟಿ ಜನ ಮರಳಿದರು.

ಪಂಢರಪುರ ಇನ್ನೊಂದು ದಾರಿ ಹುಡುಕಿಕೊಂಡಿತು. ಆಷಾಢ ಏಕಾದಶಿಗೆ ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾದುಕೆಗಳು ಲಕ್ಷಾಂತರ ವಾರಕರಿಗಳೊಂದಿಗೆ ವಾರಗಟ್ಟಲೆ ನಡೆದು ವಿಠ್ಠಲನ ಬಳಿ ಬರುತ್ತವೆ. 2020ರಲ್ಲೂ 2021ರಲ್ಲೂ ಅವು ಮಹಾರಾಷ್ಟ್ರ ಸಾರಿಗೆಯ ಬಸ್ಸಿನಲ್ಲಿ, ಬೆರಳೆಣಿಕೆಯ ಜನರ ಜೊತೆ ಹೋದವು. ವಾರಕರಿಗಳು ಮನೆಯಲ್ಲೇ ಭಜನೆ ಮಾಡಿದರು. ಪಾದುಕೆ ಮುಟ್ಟಿತು, ಪೂಜೆ ನಡೆಯಿತು, ಶಾಸ್ತ್ರಕ್ಕೆ ಕುಂದಾಗಲಿಲ್ಲ. ಆದರೂ 2022ರಲ್ಲಿ ಪಾಲಖಿ ಹೊರಟಾಗ ರಸ್ತೆ ತುಂಬಿ ಹರಿಯಿತು. ಮುಟ್ಟುವುದಷ್ಟೇ ಮುಖ್ಯವಾಗಿದ್ದರೆ ಬಸ್ಸೇ ಸಾಕಿತ್ತು.

ಸೋಂಕು ಇಳಿದ ಮೇಲೆ ಭಕ್ತರ ಪಯಣದ ರೂಢಿ ಎರಡು ಕವಲಾಗಿ ಒಡೆದಿದೆ. ಒಂದರಲ್ಲಿ ಎಲ್ಲವೂ ಮೊದಲೇ ಗೊತ್ತು: ಆನ್‌ಲೈನ್ ಬುಕಿಂಗ್, ದರ್ಶನದ ಸಮಯ, ಅಂಚೆಯಲ್ಲಿ ಬರುವ ಪ್ರಸಾದ, ಮೊಬೈಲ್‌ನಲ್ಲಿ ನೇರಪ್ರಸಾರದ ಮಂಗಳಾರತಿ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಹಾಸಿಗೆ ಹಿಡಿದ ಅಜ್ಜಿಗೆ, ರಜೆ ಸಿಗದ ಕಾರ್ಮಿಕನಿಗೆ, ಗಾಲಿಕುರ್ಚಿಯಲ್ಲಿ ಬೆಟ್ಟ ಹತ್ತಲಾಗದವರಿಗೆ ಗುಡಿ ಮೊದಲ ಬಾರಿಗೆ ಮನೆಯೊಳಗೆ ಬಂದಿದೆ. ಅದರ ಜೊತೆಗೇ ನಡಿಗೆಯೂ ಮರಳಿದೆ. ಸ್ಪೇನಿನ ಸಾಂತಿಯಾಗೊ ಯಾತ್ರೆಯಲ್ಲಿ 2019ರಲ್ಲಿ ಸುಮಾರು 3.47 ಲಕ್ಷ ಮಂದಿ ಪ್ರಮಾಣಪತ್ರ ಪಡೆದಿದ್ದರು. 2020ರಲ್ಲಿ ಅದು 54 ಸಾವಿರಕ್ಕೆ ಕುಸಿಯಿತು. 2022ರಲ್ಲಿ 4.38 ಲಕ್ಷಕ್ಕೆ ಏರಿತು, ಮರುವರ್ಷ ಇನ್ನಷ್ಟು. ಆ ಪತ್ರಕ್ಕೆ ಕಡೆಯ 100 ಕಿಲೋಮೀಟರನ್ನಾದರೂ ನಡೆಯಬೇಕು, ಸೈಕಲ್ಲಾದರೆ 200.

ಈ ಎರಡು ಕವಲುಗಳ ವ್ಯತ್ಯಾಸ ವೇಗದ್ದಷ್ಟೇ ಎಂದರೆ ಅರ್ಧ ಸತ್ಯ. ಬುಕಿಂಗ್‌ನಲ್ಲಿ ಇಬ್ಬರೇ ಇರುತ್ತಾರೆ, ಭಕ್ತ ಮತ್ತು ದೇವರು. ನಡಿಗೆಯಲ್ಲಿ ಅವರಿಬ್ಬರ ನಡುವೆ ಮೂರನೆಯವರು ಬರುತ್ತಾರೆ. ಶ್ರೀಶೈಲದ ದಾರಿಯುದ್ದಕ್ಕೂ ದಾಸೋಹದ ಶಾಮಿಯಾನ ಹಾಕಿ ರೊಟ್ಟಿ, ಪಲ್ಯ, ಮಜ್ಜಿಗೆ ಬಡಿಸುವ, ಬೊಬ್ಬೆ ಎದ್ದ ಪಾದಕ್ಕೆ ಮುಲಾಮು ಹಚ್ಚುವ ಜನರಲ್ಲಿ ಎಷ್ಟೋ ಮಂದಿ ತಾವು ಗುಡಿ ಮುಟ್ಟುವುದೇ ಇಲ್ಲ. ಉಣ್ಣುವವರ ಜಾತಿ, ಊರು, ಗಳಿಕೆ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಊರಲ್ಲಿ ಹತ್ತಾಳಿಗೆ ಅನ್ನ ಹಾಕುವ ಜಮೀನುದಾರನೂ ಅಲ್ಲಿ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲುತ್ತಾನೆ. ಗುರುತಿಲ್ಲದವರ ಕೈತುತ್ತಿಗೆ ಬಾಯೊಡ್ಡುವುದು ಅಹಂಕಾರ ಕರಗಿಸುವ ಸಾಧನೆ, ಯಾತ್ರೆ ಕಲಿಸುವ ಮುಖ್ಯ ಪಾಠವೂ ಅದೇ. ಪರದೆಯ ಮೇಲೆ ದೇವರ ಮುಖ ಸ್ಪಷ್ಟವಾಗಿ ಕಾಣುತ್ತದೆ. ಬಡಿಸುವವರ ಮುಖ ಕಾಣುವುದಿಲ್ಲ.

ಹಾಗೆ ನೋಡಿದರೆ ಕೊರೊನಾ ಕಾಲದಲ್ಲಿ ಮನೆಯಲ್ಲುಳಿದದ್ದೂ ಇದೇ ಧರ್ಮದ ಇನ್ನೊಂದು ರೂಪ. ದಾರಿಯ ಮೇಲಿನ ಹಳ್ಳಿಗಳಿಗೆ ರೋಗ ಹೊತ್ತುಕೊಂಡು ಹೋಗಬಾರದೆಂಬ ಕಾಳಜಿಯಿಂದ ಕಂಬಿ ಕೆಳಗಿಟ್ಟವನು ಆ ಮೂರನೆಯವರ ಋಣವನ್ನೇ ತೀರಿಸಿದ. ಅವನ ಯಾತ್ರೆ ನಿಷ್ಫಲವಾಯಿತೆಂದು ಹೇಳಲು ಯಾವ ಶಾಸ್ತ್ರಕ್ಕೂ ಅಧಿಕಾರವಿಲ್ಲ.

ಹಾಗಾದರೆ ಈಗ ಬೇರೂರುತ್ತಿರುವ ವ್ಯವಸ್ಥೆಗಳಿಗೆ ಕೇಳಬೇಕಾದ ಪ್ರಶ್ನೆ, ಅವುಗಳಲ್ಲಿ ಗುರುತಿಲ್ಲದವನಿಗೆ ಜಾಗವಿದೆಯೇ ಎಂಬುದು. ಶಬರಿಮಲೆಯಲ್ಲಿ 2020ರ ಮಂಡಲ ಕಾಲದ ಆರಂಭದಲ್ಲಿ ವಾರದ ದಿನಗಳಂದು 1,000 ಮಂದಿಗಷ್ಟೇ, ಅದೂ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಬರೆಸಿದವರಿಗೆ ಪ್ರವೇಶವಿತ್ತು. ಸೋಂಕಿನ ಹೊತ್ತಿಗೆ ಅದು ಸರಿಯಾದ ಕ್ರಮ. 2024ರಲ್ಲಿ ಸೋಂಕಿನ ಭಯವಿಲ್ಲದಿದ್ದರೂ, ನೂಕುನುಗ್ಗಲು ತಡೆಯಲೆಂದು ಆನ್‌ಲೈನ್ ನೋಂದಣಿ ಇದ್ದವರಿಗೆ ಮಾತ್ರ ದರ್ಶನ ಎಂದು ಕೇರಳ ಸರ್ಕಾರ ಹೊರಟಾಗ ವಿರೋಧ ಎದ್ದಿತು. ನಲವತ್ತೊಂದು ದಿನ ವ್ರತ ಹಿಡಿದು ಇರುಮುಡಿ ಹೊತ್ತು ಬಂದವನನ್ನು ಫೋನಿಲ್ಲವೆಂದು ಪಂಪೆಯಿಂದ ಹಿಂದೆ ಕಳುಹಿಸುವುದು ಹೇಗೆ ಎಂಬ ಕೂಗಿಗೆ ಸರ್ಕಾರ ಮಣಿಯಿತು. ನೋಂದಣಿಯಿಲ್ಲದೆ ಬಂದವರಿಗೂ ದರ್ಶನದ ಏರ್ಪಾಡಾಯಿತು. ಕರ್ನಾಟಕದಿಂದಲೂ ಪ್ರತಿವರ್ಷ ದೊಡ್ಡ ಸಂಖ್ಯೆಯಲ್ಲಿ ಮಾಲಾಧಾರಿಗಳು ಅಲ್ಲಿಗೆ ಹೋಗುತ್ತಾರೆ. ನಮ್ಮ ಗುಡಿಗಳ ಆಡಳಿತದವರೂ ಆ್ಯಪ್ ಮತ್ತು ಸರತಿಯ ಸಂಕೀರ್ಣಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಕಾಲುದಾರಿಯ ನೆರಳಿಗೆ, ನೀರಿಗೆ, ಫೋನಿಲ್ಲದೆ ಬಂದವರ ಕೌಂಟರಿಗೆ ಈಗಲೇ ತೆಗೆದಿಡಬೇಕು.