ದಣಿವು ಯಾರದು?

“ಕೂಲಿಯವನಿಗೇನು ಚಿಂತೆ, ಉಂಡು ಮಲಗುತ್ತಾನೆ, ತಲೆಬಿಸಿಯೆಲ್ಲ ಆಫೀಸಿನವನಿಗೆ” ಎನ್ನುತ್ತೇವೆ. ಇದು ನಿಜವೇ?

1967ರಲ್ಲಿ ಲಂಡನ್ನಿನ ಸುಮಾರು 18,000 ಸರಕಾರಿ ನೌಕರರ ಅಧ್ಯಯನ ಆರಂಭವಾಯಿತು. ಹೃದ್ರೋಗದ ಸಾವು ಮೇಲಧಿಕಾರಿಗಳಿಗಿಂತ ಬಾಗಿಲು ಕಾಯುವ, ಪತ್ರ ಒಯ್ಯುವ ಕೆಳದರ್ಜೆಯವರಲ್ಲೇ ಹೆಚ್ಚಾಗಿ ಕಂಡಿತು. ತನ್ನ ಕೆಲಸದಲ್ಲಿ ತನ್ನ ಮಾತು ನಡೆಯದಿರುವುದೂ ಇದಕ್ಕೊಂದು ಕಾರಣವೆಂದು ಮುಂದಿನ ಸಂಶೋಧನೆಗಳು ತಿಳಿಸಿದವು.

ಸಾವಿರಕ್ಕಿಷ್ಟು ಎಂಬ ಲೆಕ್ಕದಲ್ಲಿ ಬೀಡಿ ಸುತ್ತುವ ನಮ್ಮ ಕರಾವಳಿಯ ಸಹೋದರಿಯರನ್ನು ನೋಡಿರಿ. ಎಲೆ ತೂಗಿ ಕೊಡುವವನು ಬೇರೆ, ಕಳಪೆಯೆಂದು ತೆಗೆದುಹಾಕುವವನೂ ಬೇರೆ. ಅವರಿಗೆ ಕೈಯೂ ದಣಿಯುತ್ತದೆ, ಮನಸ್ಸೂ ದಣಿಯುತ್ತದೆ.

ಕೈಕೆಳಗಿನವರು ನಿಮ್ಮ ಸಹೋದರರು, ಶಕ್ತಿ ಮೀರಿದ ಹೊರೆ ಹೊರಿಸಬೇಡಿರಿ, ಹೊರಿಸಿದರೆ ನೀವೂ ಕೈಜೋಡಿಸಿರಿ ಎಂದು ಪ್ರವಾದಿ(ಸ) ಕಲಿಸಿದರು. ಸಹೋದರನೆಂದರೆ ಅವನಿಗೂ ಒಂದು ಮಾತಿದೆ. ಓದುಗರೇ, ನಿಮ್ಮ ಅಂಗಡಿಯಲ್ಲಿ, ಮನೆಯಲ್ಲಿ ದುಡಿಯುವವರ ಆ ಮಾತನ್ನು ಎಂದಾದರೂ ಕೇಳಿದ್ದೀರಾ? ಕೂಲಿಯಂತೆ ಅದೂ ಅವರ ಹಕ್ಕು.